ಹನ್ನೊಂದು ಸಾವಿರ ಸಾಕ್ಷಿಗಳು: ಏಳನೆಯ ಕಂತು

“ಇದು ನಾ ಕಟ್ಟಿದ್ದಲ್ರಿ ಮೇಡಂ,” ಎಂದ ಏಕನಾಥ. “ಬಿಲ್ಕುಲ್ ಅಲ್ಲ.”

ಸಬ್ ಇನ್‌ಸ್ಪೆಕ್ಟರ್ ಜಗದೇವಿ ಫೋನನ್ನು ಅವನ ಮೂಗಿನ ಹತ್ತಿರಕ್ಕೆ ಹಿಡಿದಳು. ಪರದೆಯ ಮೇಲೆ, ಯುಗಾದಿಯ ರೀಲಿನಲ್ಲಿ, ಕಳವಾದ ಮನೆಯ ಸೊಸೆ ಸಪ್ನಾ ಬೆನ್ನು ತಿರುಗಿಸಿ, ಜಡೆ ಪಕ್ಕಕ್ಕೆ ಸರಿಸಿ, ಕೊರಳ ಹಿಂದೆ ಇಳಿಬಿದ್ದ ಕೆಂಪು ಗೊಂಡೆಯನ್ನು ಹಾಡಿನ ತಾಳಕ್ಕೆ ಕುಣಿಸುತ್ತಿದ್ದಳು.

“ಆ ಮನೀ ಬೋರಮಾಳ, ಪುತಳಿಸರ, ಟೀಕಿ, ಕೊಳ್ಳಾಗಿನ ಮೂರೂ ನಗ ನಾನಽ ಪೋಣಿಸೇನಿ ಅಂತ ಈಗಷ್ಟ ಅಂದ್ರಲ್ಲ ಕಾಕಾ?”

“ಹೌದ್ರಿ. ಹೋದ ದೀಪಾವಳಿಗೆ ಅವರತ್ತಿ ಸೋನುಬಾಯಿ ತಂದಿದ್ಳು. ಹೊಸಾ ದಾರದಾಗ ಹಾಕಿ ಕೊಟ್ಟೆ. ಆವತ್ತಿಂದ ಅವನ್ನ ಕಣ್ಣೀಲೆ ಕಂಡಿಲ್ಲ.”

ಮಾತಾಡುವಾಗಲೂ ಅವನು ಎಡಗಾಲಿನ ಹೆಬ್ಬೆರಳಿಗೆ ಸುತ್ತಿದ್ದ ರೇಷ್ಮೆದಾರವನ್ನು ಬಿಚ್ಚಿರಲಿಲ್ಲ. ದಾರದ ಒಂದು ತುದಿ ಕಾಲಿನಲ್ಲಿ, ಇನ್ನೊಂದು ತುದಿ ಕೈಯಲ್ಲಿ, ನಡುವೆ ಯಾರದೋ ಮದುವೆಯ ಬಂಗಾರದ ಗುಂಡುಗಳು. ಹುಮನಾಬಾದಿನ ಹಳೆಯ ಬಜಾರಿನಲ್ಲಿ ನಲವತ್ತು ವರ್ಷದಿಂದ ಅವನ ಉದ್ಯೋಗ ಇದೇ. ಅಕ್ಕಸಾಲಿಗರು ಮಾಡಿದ ಗುಂಡು, ಮಣಿ, ಪುತಳಿಗಳನ್ನು ರೇಷ್ಮೆಯಲ್ಲಿ ಪೋಣಿಸಿ ಗೊಂಡೆ ಕಟ್ಟಿಕೊಡುವ ಪಟವೇಗಾರ. ಸುತ್ತಲಿನ ತಾಲೂಕಿನ ಹೆಂಗಸರು ಗಂಡನ ಮಾತಿಗಿಂತ ಏಕನಾಥನ ಗಂಟನ್ನು ಹೆಚ್ಚು ನಂಬುತ್ತಿದ್ದರು.

“ನನಗ ಈ ಫೋನಿಂದೆಲ್ಲಾ ಏನೂ ತಿಳಿಯಂಗಿಲ್ರಿ,” ಎನ್ನುತ್ತಲೇ ಅವನು ಎರಡು ಬೆರಳನ್ನು ಪರದೆಯ ಮೇಲಿಟ್ಟು ಅಗಲಿಸಿದ. ಗೊಂಡೆ ದೊಡ್ಡದಾಯಿತು. “ನೋಡ್ರಿ. ರೇಷ್ಮಿ ಆದ್ರ ಬೆವರಿಗೆ ಮೆತ್ತಗಾಗಿ ಕೊಳ್ಳಿಗೆ ಕೂಡ್ತದ. ಇದು ಕಡ್ಡಿ ಹಂಗ ಸೆಟದು ನಿಂತದ. ನೈಲಾನ್. ನೈಲಾನ್ ದಾರದಾಗ ಯಾರೂ ಖರೇ ಬಂಗಾರ ಹಾಕಂಗಿಲ್ಲ. ಒಂದ್ ಗ್ರಾಮಿನ ಮಾಲ್ ಅದ ಇದು.”

ತಾಮ್ರಕ್ಕೆ ಬಂಗಾರದ ನೀರು ಕುಡಿಸಿದ ನಗಕ್ಕೆ ಬಜಾರಿನಲ್ಲಿ ಇರುವ ಹೆಸರು ಅದು. ಜಗದೇವಿಯ ಮುಖದಲ್ಲಿ ಏನೂ ಕಾಣಲಿಲ್ಲ. ಹದಿನೆಂಟು ವರ್ಷದ ನೌಕರಿಯಲ್ಲಿ ಅವಳು ಕಲಿತ ಮೊದಲ ವಿದ್ಯೆ ಅದೇ. ಅವಳು ಇನ್ನೊಂದು ವಿಡಿಯೊ ಹಾಕಿದಳು. ಸಂಕ್ರಾಂತಿಯ ಹಳದಿ-ಕುಂಕುಮದ್ದು, ಯುಗಾದಿಗಿಂತ ಎರಡು ತಿಂಗಳು ಹಿಂದಿನದು.

“ಹಾಂ! ಇದು ನಂದಽ,” ಏಕನಾಥನ ದನಿ ಅರಳಿತು. “ಏಳು ಎಳಿ ರೇಷ್ಮಿ. ಗೊಂಡೆದ ತಲಿಮ್ಯಾಲ ಒಂದು ಕರಿಮಣಿ ನೋಡ್ರಿ, ದೃಷ್ಟಿ ಆಗಬಾರದಂತ ನಮ್ಮಪ್ಪ ಹಾಕ್ತಿದ್ದ. ನಾನೂ ಹಾಕ್ತೇನಿ. ನಮ್ಮ ಸಹಿ ಇದ್ದಂಗ ಅದು.”

“ಒಂದ್ ಗ್ರಾಮಿನ ಮಾಲಿಗೆ ನೀವು ಗೊಂಡೆ ಕಟ್ಟಂಗಿಲ್ಲೇನು?”

“ಛೇ ಛೇ. ಖೋಟಾ ನಗಕ್ಕ ಈ ಕೈ ಹಚ್ಚಿಲ್ರಿ. ನಮ್ಮಪ್ಪನ ಆಣಿ.”

ಅವನ ಕಾಲಬೆರಳಿನ ದಾರದಲ್ಲಿ ಮುಗಿಯುತ್ತ ಬಂದಿದ್ದ ಗೊಂಡೆಯ ಮೇಲೆ ಜಗದೇವಿಯ ಕಣ್ಣು ಬಿತ್ತು. ಅದರ ತಲೆಯ ಮೇಲೆ ಇದ್ದದ್ದು ಕರಿಮಣಿಯಲ್ಲ, ನೀಲಿ ಗಾಜಿನ ಮಣಿ.

“ಮತ್ತ ಇದಕ್ಯಾಕ ನೀಲಿ?”

“ನಿನ್ನಿ ದೀಪಾ ಹಚ್ಚೂ ಹೊತ್ತಿಗೆ ಕರಿಮಣಿ ಡಬ್ಬಿ ಖಾಲಿ ಆಯ್ತ್ರಿ. ಲಗ್ನದ ಸೀಜನ್ ನೋಡ್ರಿ. ಸೋಲಾಪುರದಿಂದ ಮಾಲ್ ಬರೂತನಾ ನೀಲಿ ಮ್ಯಾಲ ದಿನಾ ದೂಡಾಕತ್ತೇನಿ. ನಲವತ್ತ್ ವರ್ಷದಾಗ ಹಿಂಗ ಆಗಿದ್ದು ಇದಽ ಪೈಲೇ ಸಲ.” ನಾಚಿಕೆಯಿಂದ ನಕ್ಕ. ಕೈಗುಣವಿರುವ ಮನುಷ್ಯನಿಗೆ ತನ್ನ ಕೆಲಸದಲ್ಲಿ ಒಂದು ಮಣಿ ತಪ್ಪಿದರೂ ಚುಚ್ಚುತ್ತದೆ.

ಜಗದೇವಿಗೆ ಅವನು ಹಿಡಿಸಿದ. ಹೇಳಿಕೆ ಬರೆಸಿಕೊಂಡು ಕರೆತನ್ನಿ ಎಂದು ಹೆಡ್ ಕಾನ್‌ಸ್ಟೇಬಲ್ ನರಸಿಂಗನನ್ನು ಅಂಗಡಿಯಲ್ಲೇ ಬಿಟ್ಟಳು. ಕೈಯಲ್ಲಿದ್ದ ತಾಳಿ ಮುಗಿಸದೆ ಏಳುವಂತಿಲ್ಲ, ಸಂಜೆಯೊಳಗೆ ಬರುತ್ತೇನೆ ಎಂದ ಏಕನಾಥ. ನರಸಿಂಗನಿಗೆ ಐವತ್ತೆರಡು ವರ್ಷ. ಸಪ್ನಾಳ ಪ್ರತಿ ರೀಲಿಗೂ ‘ಸೂಪರ್ ಸಿಸ್ಟರ್’ ಎಂದು ಬರೆಯುತ್ತಿದ್ದ ಅಭಿಮಾನಿಗಳಲ್ಲಿ ಇವನೂ ಒಬ್ಬನೆಂಬುದು ಈ ತನಿಖೆಯಿಂದ ಹೊರಬಿದ್ದ ಏಕೈಕ ಸತ್ಯ ಎಂದು ಠಾಣೆಯಲ್ಲಿ ಎಲ್ಲರೂ ಆಡಿಕೊಂಡು ನಗುತ್ತಿದ್ದರು.

ಈಗ ಎರಡನೆಯ ಸತ್ಯ ಸಿಕ್ಕಿತ್ತು. ಭಾನುವಾರ ಬಸವಕಲ್ಯಾಣದ ಸಪ್ನಾಳ ಮನೆಯಿಂದ ಕಳುವಾದ ಇಪ್ಪತ್ತೆರಡು ತೊಲೆ ಬಂಗಾರ, ಬಂಗಾರವೇ ಅಲ್ಲ.

*

ಜೀಪು ಹೆದ್ದಾರಿ ಹಿಡಿಯಿತು. ಮೇ ತಿಂಗಳ ಬಿಸಿಲು ಗಾಜಿಗೆ ಬಡಿಯುತ್ತಿತ್ತು. ಜಗದೇವಿ ಹಿಂದಿನ ಸೀಟಿನಲ್ಲಿ ಕುಳಿತು, ಜೀವನದಲ್ಲಿ ಒಮ್ಮೆಯೂ ಸ್ಟೇಟಸ್ ಹಾಕದವಳು, ಮತ್ತೊಮ್ಮೆ ಸಪ್ನಾಳ ಖಾತೆ ತೆರೆದಳು.

ನಾನೂರ ಹನ್ನೆರಡು ರೀಲುಗಳು. ಹೊಸ ಫ್ರಿಜ್ಜು ಬಂದರೆ ಒಂದು, ಅದರ ಒಳಗೆ ಏನಿದೆ ಎಂದು ಇನ್ನೊಂದು. ಪ್ಲಾಟು ಮಾರುವ ಗಂಡ ಅನೀಲಕುಮಾರ ಕಾರು ತಂದಾಗ ಮೂರು. ‘ನಮ್ಮ ಮನಿ ಟೂರ್’ ಎಂಬುದರಲ್ಲಿ ಮನೆಯ ಎರಡನೇ ಕೀಲಿ ತುಳಸಿಕಟ್ಟೆಯ ಗೂಡಿನಲ್ಲಿ, ಅಲಮಾರಿಯ ಕೀಲಿ ಕ್ಯಾಲೆಂಡರಿನ ಹಿಂದೆ ಇರುವುದನ್ನು ಸಪ್ನಾ ನಗುನಗುತ್ತಾ ತೋರಿಸಿದ್ದಳು. ಭಾನುವಾರ ತುಳಜಾಪುರದಿಂದ ಲೈವ್ ಬಂದು, “ಮನಿಯಾಗ ಯಾರೂ ಇಲ್ಲ ಫ್ರೆಂಡ್ಸ್, ಫುಲ್ ಫ್ಯಾಮಿಲಿ ಇಲ್ಲೇ ಇದ್ದೀವಿ, ಸೋಮವಾರ ವಾಪಸ್,” ಎಂದಿದ್ದಳು. ಕಳ್ಳನಿಗೆ ಬೇಕಾದದ್ದೆಲ್ಲ ತಯಾರಿತ್ತು. ಚಹಾ ಮಾಡಿಡುವುದೊಂದು ಬಾಕಿ.

ಆ ಖಾತೆ ನೋಡುವವರು ಹನ್ನೊಂದು ಸಾವಿರದ ನಾನೂರು ಜನ. ಅಷ್ಟೂ ಜನರನ್ನು ಠಾಣೆಗೆ ಕರೆಸಲಾಗದೆ ಪೊಲೀಸರು ಒಬ್ಬನನ್ನು ಹಿಡಿದಿದ್ದರು. ಕಾರು ಓಡಿಸಿಕೊಂಡು ಹೋಗಿದ್ದ ನದೀಮ್.

ಅವನ ಮೇಲೆ ಸಂಶಯಕ್ಕೆ ಕಾರಣ ಒಂದು ದೀಪ. ವಿಡಿಯೊ ಮಾಡುವಾಗ ಮುಖಕ್ಕೆ ಹಿಡಿಯುವ ದುಂಡನೆಯ ದೀಪವನ್ನು ಸಪ್ನಾ ಮನೆಯಲ್ಲಿ ಮರೆತಿದ್ದಳು. ಹೆದ್ದಾರಿಯ ಸಸ್ತಾಪುರ ಬಂಗ್ಲಾದವರೆಗೆ ಹೋದ ಮೇಲೆ ಅದು ನೆನಪಾಗಿ, ಮನೆಯವರೆಲ್ಲ ಹೋಟೆಲಿನಲ್ಲಿ ಕುಳಿತು, ನದೀಮನ ಕೈಗೆ ಮನೆಯ ಕೀಲಿ ಕೊಟ್ಟು ವಾಪಸು ಕಳಿಸಿದ್ದರು. ಮುಕ್ಕಾಲು ತಾಸು ಕೀಲಿ ಅವನ ಹತ್ತಿರ ಇತ್ತು. ಬಾಗಿಲು ಮುರಿದಿಲ್ಲ, ಅಲಮಾರಿ ಮುರಿದಿಲ್ಲ. ಇನ್ನೇನು ಬೇಕು?

ನಿನ್ನೆ ಸಂಜೆ ಐದಕ್ಕೆ ಅವನ ಬಂಧನವಾಗಿತ್ತು. ಕಾಗದದ ಕೆಳಗೆ ಜಗದೇವಿಯದೇ ಸಹಿ. ಇಂದು ಐದರೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅಲ್ಲಿಂದ ಜೈಲು. ನದೀಮ್ ಶಾಲೆಯ ವ್ಯಾನು ಓಡಿಸುವವನು. ಕಳವಿನ ಕೇಸಿನಲ್ಲಿ ಜೈಲು ನೋಡಿ ಬಂದವನ ವ್ಯಾನಿಗೆ ಜೂನಿನಲ್ಲಿ ಯಾರು ತಮ್ಮ ಮಕ್ಕಳನ್ನು ಹತ್ತಿಸುತ್ತಾರೆ? ಅವನ ಹೆಂಡತಿ ಗೌಹರ ಬೆಳಗ್ಗೆಯಿಂದ ಠಾಣೆಯ ಕಟ್ಟೆಯ ಮೇಲೆ ಊಟದ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ಅಳಲಿಲ್ಲ, ಬೇಡಲಿಲ್ಲ. ಜಗದೇವಿ ಹೊರಗೆ ಹೋಗುವಾಗೊಮ್ಮೆ ಎದ್ದು ನಿಲ್ಲುತ್ತಿದ್ದಳು, ಅಷ್ಟೇ. ಆ ಎದ್ದು ನಿಲ್ಲುವುದನ್ನು ನೋಡಿ ಜಗದೇವಿಗೆ ತನ್ನ ಸಹಿಯ ಬಗ್ಗೆಯೇ ಹೇಸಿಗೆಯಾಗಿತ್ತು.

ಅವಳು ಸಂಕ್ರಾಂತಿಯಿಂದ ಯುಗಾದಿಯವರೆಗಿನ ರೀಲುಗಳನ್ನು ಒಂದೊಂದಾಗಿ ನೋಡಿದಳು. ಈ ಸಲ ಸಪ್ನಾಳನ್ನು ನೋಡಲಿಲ್ಲ. ಅವಳ ಹಿಂದೆ ಏನಿದೆ ಎಂದು ನೋಡಿದಳು.

ಹಿಂದೆ ಅತ್ತೆ ಸೋನುಬಾಯಿ ಇದ್ದಳು. ಸಂಕ್ರಾಂತಿಯ ವಿಡಿಯೊದಲ್ಲಿ ಕೈಬೀಸಿ ಬೈಯುತ್ತಿದ್ದಳು. ಅದರ ಮುಂದಿನದರಲ್ಲಿ ಸೆರಗು ಅಡ್ಡ ಹಿಡಿದು ನಗಗಳನ್ನು ಮುಚ್ಚಲು ಬಂದಿದ್ದಳು. ಶಿವರಾತ್ರಿಯ ದಿನ ಫೋನನ್ನೇ ಕಸಿಯಲು ಹೋಗಿ ಕ್ಯಾಮೆರಾ ಅಲುಗಾಡಿತ್ತು. ನೋಡುವವರು ಅದಕ್ಕೆ ನಗುವ ಗೊಂಬೆಗಳನ್ನು ಅಂಟಿಸಿದ್ದರು. ಆಮೇಲೆ ಯುಗಾದಿ. ಸಪ್ನಾಳ ಮೈಮೇಲೆ ಮೂರೂ ನಗ, ಹಿಂದೆ ಸೋನುಬಾಯಿ ಶೇಂಗಾ ಸುಲಿಯುತ್ತ ತಣ್ಣಗೆ ಕುಳಿತಿದ್ದಾಳೆ. ಅದರ ನಂತರದ ನಲವತ್ತು ರೀಲುಗಳಲ್ಲಿ ಒಮ್ಮೆಯೂ ಬಾಯಿ ತೆರೆದಿಲ್ಲ.

ದಾರ ಬದಲಾದದ್ದೂ ಮುದುಕಿಯ ಬಾಯಿ ಮುಚ್ಚಿದ್ದೂ ಒಂದೇ ದಿನ.

*

ಮನೆಯ ಪಡಸಾಲೆಯಲ್ಲಿ ಸೋನುಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಸಪ್ನಾ ಸೋಫಾದ ಮೂಲೆಯಲ್ಲಿ ಫೋನಿಗೆ ಮುಖ ಕೊಟ್ಟಿದ್ದಳು. ಇಪ್ಪತ್ತಾರರ ಹುಡುಗಿ, ನಾಲ್ಕು ದಿನದಲ್ಲಿ ಕಣ್ಣಿನ ಸುತ್ತ ಕಪ್ಪಾಗಿತ್ತು.

“ನೋಡ್ರಿ ಮೇಡಂ,” ಜಗದೇವಿ ಕೂರುವ ಮೊದಲೇ ಎಂದಳು. “ನಾಟಕ ಮಾಡಾಕತ್ಯಾಳ ಅಂತ ಬರ್ಯಾಕತ್ತಾರ. ವ್ಯೂ ಸಲುವಾಗಿ ನಾನಽ ಬಚ್ಚಿಟ್ಟೇನಂತ. ಬಂಗಾರ ಹೋದದ್ದು ನಂದು, ಮ್ಯಾಲ ಬೈಸ್ಕೊಳ್ಳೂದೂ ನಾನಽ!”

“ಒಂದ್ ಹತ್ತು ಮಿನಿಟ್ ಅದನ್ನ ಬಾಜೂಕ ಇಡವಾ,” ಎನ್ನುತ್ತ ಜಗದೇವಿ ನೆಲದ ಮೇಲೆ, ಮುದುಕಿಯ ಎದುರಿಗೆ ಕುಳಿತಳು. ತನ್ನ ಫೋನನ್ನು ಜೋಳದ ಪಕ್ಕ ಇಟ್ಟಳು. “ಯಮ್ಮಾ, ಇಲ್ಲಿ ನೀವು ಸೊಸೀಗೆ ಬೈಯಾಕತ್ತೀರಿ. ಇಲ್ಲಿ ಶೇಂಗಾ ಸುಲಿಯಾಕತ್ತೀರಿ. ನಡಬರಕ ಏನಾಯ್ತು?”

ಸೋನುಬಾಯಿ ತಲೆ ಎತ್ತಲಿಲ್ಲ. “ಬೈದು ಬೈದು ಬ್ಯಾಸರ ಆಯ್ತ್ರಿ.”

“ಬ್ಯಾಸರಾದವ್ರು ಎದ್ದು ಒಳಗ ಹೋಗ್ತಾರ. ನೀವು ಆರಾಮ ಕುಂತೀರಿ.”

ಜೋಳದ ಕಾಳು ಮೊರದಲ್ಲಿ ಸರಕ್ಕೆಂದು ಜಾರಿತು.

“ಭಾನುವಾರ ಬಂಗಾರ ಹೋಯ್ತು. ಸೊಸಿ ಅತ್ಲು, ಮಗಾ ತಲೀ ಚಚ್ಚಿಕೊಂಡ. ನಿಮ್ಮ ಕಣ್ಣಾಗ ಒಂದ್ ಹನಿ ನೀರಿಲ್ಲ. ಅವು ನಿಮ್ಮ ಅತ್ತಿ ಹಾಕಿದ ನಗ ಅಲ್ಲೇನ್ರಿ? ಅವನ್ನ ಹುಮನಾಬಾದಿಗೆ ಒಯ್ದು ಏಕನಾಥನ ಕೈಲೇ ಪೋಣಿಸಿಕೊಂಡು ಬಂದವ್ರು ನೀವಽ ಅಲ್ಲೇನು?”

“ವಯಸ್ಸಾದ ಮ್ಯಾಲ ಕಣ್ಣೀರ ಬರಂಗಿಲ್ರಿ.”

“ಏಕನಾಥ ಕಾಕಾ ರೀಲ್ ನೋಡ್ಯಾನ. ಯುಗಾದಿ ದಿನ ಸಪ್ನಾನ ಕೊಳ್ಳಾಗ ಇದ್ದಿದ್ದು ನೈಲಾನ್ ದಾರದ ಖೋಟಾ ಮಾಲ್ ಅಂತ ಹೇಳ್ಯಾನ.”

ಸೋಫಾದಿಂದ ಏನೋ ಬಿದ್ದ ಸದ್ದಾಯಿತು. ಸಪ್ನಾಳ ಫೋನು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ.

ಸೋನುಬಾಯಿ ಮೊರವನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. “ಜಹೀರಾಬಾದಿನಾಗ ತಂದೆ. ಇಲ್ಲಿ ತೊಗೊಂಡ್ರ ಮಂದಿ ಗುರ್ತ ಹಿಡಿತಾರಂತ. ಹಂಗಽ ಇದ್ದಂಗ ಮೂರು ನಗ. ರಾತ್ರಿ ಅಲಮಾರಿಯಾಗ ಅವನ್ನ ಇಟ್ಟೆ, ಖರೇವು ತೆಗದೆ.”

“ಅತ್ಯಾ!” ಸಪ್ನಾ ಎದ್ದು ನಿಂತಳು. “ಎರಡ ತಿಂಗಳ ನಾ ಖೋಟಾ ನಗ ಹಾಕ್ಕೊಂಡು ಊರೆಲ್ಲಾ ತಿರುಗೇನೇನು? ಎಲ್ಲಾರಿಗೂ ತೋರಿಸೇನಲ್ಲ!”

“ಒಂದ್ ದಿನರೆ ಕೈಯಾಗ ಹಿಡದು ನೋಡಿದ್ರ ತಿಳೀತಿತ್ತು. ನೀ ಬಂಗಾರ ನೋಡೋದು ಫೋನಿನಾಗ. ಫೋನಿನಾಗ ಎರಡೂ ಒಂದಽ ಕಾಣಸ್ತಾವ.”

ಜಗದೇವಿ ತನ್ನ ದನಿಯನ್ನು ಒಂದಿಷ್ಟೂ ಏರಿಸಲಿಲ್ಲ.

“ಹೋದದ್ದು ತಾಮ್ರ ಅಂತ ನಿಮಗ ಭಾನುವಾರನಽ ಗೊತ್ತು. ನದೀಮನ್ನ ಒಯ್ಯೂ ಮುಂದ ನೀವು ಇದಽ ಬಾಗಲದಾಗ ನಿಂತಿದ್ರಿ. ನಾ ನೋಡೇನಿ. ತಿಂಗಳಿಗೊಮ್ಮೆ ನಿಮಗ ಶುಗರಿನ ಗುಳಿಗಿ ತಂದುಕೊಡೂ ಮನಿಷಾ ಅಂವ. ಆಗರೆ ಬಾಯಿ ಬಿಡಬೇಕಿತ್ತಲ್ಲ?”

ಮುದುಕಿ ಮೊರವನ್ನು ಪಕ್ಕಕ್ಕೆ ತಳ್ಳಿದಳು. “ಹ್ಯಾಂಗ ಹೇಳ್ಲಿ ಯವ್ವಾ? ಹೋದದ್ದು ಖೋಟಾ ಅಂದ್ರ ಖರೇವು ಎಲ್ಲಿ ಅಂತ ಕೇಳ್ತೀರಿ. ಅದನ್ನ ಹೇಳಿದ್ರ ಈಕಿ ಸಂಜಿಯೊಳಗ ಅದನ್ನೂ ಫೋನಿನಾಗ ಹಾಕ್ತಾಳ. ಅಂವಾ ಏನೂ ಮಾಡಿಲ್ಲ, ಎರಡ್ ದಿನ ಕೂಡಿಸಿ ಬಿಡ್ತಾರ ಅಂದ್ಕೊಂಡೆ. ನನ್ನ ಬಾಯಾಗ ಹುಳಾ ಬೀಳ್ಲಿ.”

ಆಗ ಕಣ್ಣೀರು ಬಂತು. ವಯಸ್ಸಾದ ಮೇಲೂ ಬರುತ್ತದೆ, ಧಾರಾಳವಾಗಿ.

ಜಗದೇವಿ ಗಡಿಯಾರ ನೋಡಿದಳು. ಒಂದೂವರೆ. ಅಸಲಿ ಬಂಗಾರ ಕಣ್ಣೆದುರು ತಂದಿಟ್ಟರೆ ಇಪ್ಪತ್ತೆರಡು ತೊಲೆಯ ಕಳವಿನ ಕೇಸು ಉಳಿಯುವುದಿಲ್ಲ. ಐದರೊಳಗೆ ಅದನ್ನು ತೋರಿಸಿದರೆ ನದೀಮ್ ಇವತ್ತು ರಾತ್ರಿ ತನ್ನ ಮನೆಯಲ್ಲಿ ಊಟ ಮಾಡುತ್ತಾನೆ.

“ಎಲ್ಲಿಟ್ಟೀರಿ?”

ಸೋನುಬಾಯಿ ಸೊಸೆಯ ಕಡೆ ನೋಡಿದಳು. ಜಗದೇವಿ ನೆಲದ ಮೇಲೆ ಬಿದ್ದಿದ್ದ ಸಪ್ನಾಳ ಫೋನನ್ನೆತ್ತಿ, ಆರಿಸಿ, ತನ್ನ ಚೀಲಕ್ಕೆ ಹಾಕಿಕೊಂಡಳು. ಆಮೇಲೆಯೇ ಮುದುಕಿ ಬಾಯಿಬಿಟ್ಟಳು.

“ಕೊಹಿನೂರದಾಗ. ನಮ್ಮ ಹಳೀ ಮನಿ ಹಗೇವಿನಾಗ.”

*

ಕೊಹಿನೂರಿನ ಆ ಮನೆಯಲ್ಲಿ ಈಗ ಯಾರೂ ಇರಲಿಲ್ಲ. ಸುಗ್ಗಿಯ ಹೊತ್ತಿಗೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹಿಂದಿನ ಗೋಡೆ ಎದೆಯೆತ್ತರಕ್ಕೆ ಕುಸಿದಿತ್ತು. ನಡುಮನೆಯ ಮೂಲೆಯಲ್ಲಿ ಹಗೇವು, ಹಿಂದಿನವರು ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. ಅದರ ಬಾಯಿಗೆ ಒಂದು ಕಲ್ಲುಚಪ್ಪಡಿ, ಸುತ್ತ ಮಣ್ಣು, ಸಗಣಿ ಕಲಸಿ ಸಾರಿಸಿದ ಮೆತ್ತಿಗೆ.

“ಇದರದೂ ರೀಲ್ ಮಾಡಿದ್ದೆ,” ಎಂದಳು ಸಪ್ನಾ ಸಣ್ಣ ದನಿಯಲ್ಲಿ.

ಜಗದೇವಿ ನಿಂತಲ್ಲೇ ನಿಂತಳು. “ಯಾವಾಗ?”

“ಯುಗಾದಿ ಆಗಿ ಎಂಟ್ ದಿನಕ್ಕ. ಹಳ್ಳಿ ಮನಿ ಟೂರ್. ಎರಡ್ ಲಕ್ಷ ವ್ಯೂ ಬಂದಾವ.” ಉಳಿದದ್ದನ್ನೂ ಹೇಳಿದಳು. “ಅತ್ತಿ ಹೊಸದಾಗಿ ಸಾರಿಸ್ಯಾರ, ಒಳಗ ಏನೂ ಇಲ್ಲಂತ, ಆದ್ರ ಯಾರೂ ಮುಟ್ಟಬಾರದಂತ... ಹಂಗ ಚ್ಯಾಷ್ಟಿ ಮಾಡಿದ್ದೆ.”

ಸೋನುಬಾಯಿ ಗೋಡೆ ಹಿಡಿದು ಕುಳಿತುಬಿಟ್ಟಳು. ಯಾರಿಗೂ ಹೇಳದೆ, ಮಗನಿಗೂ ಹೇಳದೆ, ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟನ್ನು ಎರಡು ಲಕ್ಷ ಜನ ನೋಡಿದ್ದರು.

ಜಗದೇವಿ ಬಗ್ಗಿ ಮೆತ್ತಿಗೆಯನ್ನು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಒಳಗೆ ಇಳಿಯಿತು. ಮಣ್ಣು ಇನ್ನೂ ಹಸಿ. ಈ ಬಿಸಿಲಿನಲ್ಲಿ, ಒಳಮನೆಯೇ ಆದರೂ, ಸಾರಿಸಿದ ಮಣ್ಣು ಒಂದು ದಿನದ ಮೇಲೆ ಹಸಿಯಾಗಿ ಉಳಿಯುವುದಿಲ್ಲ.

“ನೀವು ಕಡೀ ಸಲ ಯಾವಾಗ ಬಂದಿದ್ರಿ ಯಮ್ಮಾ?”

“ಯುಗಾದಿ ಮುಂದ... ಇಟ್ಟು ಹೋದಾಕಿ ಮತ್ತ ಬಂದಿಲ್ರಿ.”

ಜೀಪಿನ ಡ್ರೈವರು ಹಾರೆಯಿಂದ ಚಪ್ಪಡಿ ಸರಿಸಿದ. ಒಳಗಿನಿಂದ ಹಳೆ ಜೋಳದ ಮುಗ್ಗು ವಾಸನೆ ಬಂತು. ಕೈಗೆ ಸಿಗುವಷ್ಟು ಕೆಳಗೆ, ಗುಂಡಿಯ ಕೊರಳಿನಲ್ಲಿ ಒಂದು ಗೂಡು. ಗೂಡಿನಲ್ಲಿ ಹಳೆ ಸೀರೆಯ ತುಂಡು ಸುತ್ತಿದ ಸ್ಟೀಲಿನ ಡಬ್ಬಿ.

ಸೋನುಬಾಯಿ ತಾನೇ ಬಗ್ಗಿ ಎತ್ತಿಕೊಂಡಳು. ಗಂಟು ಬಿಚ್ಚಿದಳು. ಮುಚ್ಚಳ ತೆಗೆದಳು.

ಮೂರೂ ನಗ ಇದ್ದವು. ಬೋರಮಾಳ, ಪುತಳಿಸರ, ಟೀಕಿ. ಕೆಂಪು ರೇಷ್ಮೆಯ ಏಳೆಳೆಯ ಗೊಂಡೆಗಳು.

“ಅದಾವ್ರಿ ಯವ್ವಾ!” ಮುದುಕಿ ಬೋರಮಾಳವನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದಳು. “ದೇವ್ರು ದೊಡ್ಡಾಂವ. ನೋಡ್ರಿ, ಏಕನಾಥನ ದಾರಽ ಅದ!”

ಜಗದೇವಿ ಉಸಿರು ಬಿಟ್ಟಳು. ಕಟ್ಟೆಯ ಮೇಲೆ ಎದ್ದು ನಿಲ್ಲುವ ಗೌಹರಳಿಗೆ ಏನು ಹೇಳಬೇಕು ಎಂಬುದು ಆಗಲೇ ಬಾಯಿಗೆ ಬಂದಿತ್ತು.

ಅಷ್ಟರಲ್ಲಿ ಸೋನುಬಾಯಿಯ ಕೈ ಮೇಲೆ ಕೆಳಗೆ ಆಡಿತು. ಸಂತೆಯಲ್ಲಿ ಕಾಯಿ ತೂಗಿ ನೋಡುವ ಹಾಗೆ. ಅವಳ ಮುಖದ ನಗು ಸ್ವಲ್ಪಸ್ವಲ್ಪವಾಗಿ ಇಳಿಯಿತು. ಪುತಳಿಸರ ಎತ್ತಿದಳು, ಇಟ್ಟಳು. ಟೀಕಿ ಎತ್ತಿದಳು.

“ಹಗೂರ ಅದಾವ,” ಎಂದಳು. “ನಲವತ್ತೈದು ವರ್ಷ ಇವನ್ನ ಕೊಳ್ಳಾಗ ಹೊತ್ತೇನಿ. ಇವು ನನ್ನವಲ್ಲ. ನಾ ಜಹೀರಾಬಾದಿನಾಗ ತಂದ ಖೋಟಾ ಅದಾವ ಇವು.”

ಭಾನುವಾರ ಬಸವಕಲ್ಯಾಣದ ಅಲಮಾರಿಯಿಂದ ಹೋದ ಮಾಲು ಕೊಹಿನೂರಿನ ಹಗೇವಿನಲ್ಲಿ ಕುಳಿತಿತ್ತು. ಕದ್ದವನಿಗೆ ತನಗೆ ಸಿಕ್ಕಿದ್ದು ನಕಲಿ ಎಂದು ತಿಳಿಯಿತು. ಅಸಲಿ ಎಲ್ಲಿರಬಹುದು ಎಂದು ಸಪ್ನಾಳ ರೀಲು ಹೇಳಿತು. ಬಂದ, ತೆಗೆದ, ನಕಲಿಯನ್ನು ಅದರ ಜಾಗದಲ್ಲಿಟ್ಟ. ಮುದುಕಿ ಒಮ್ಮೆ ಇಣುಕಿ ನೋಡಿದರೂ ಅನುಮಾನ ಬರಬಾರದೆಂದು ನೈಲಾನು ಕಿತ್ತು, ರೇಷ್ಮೆಯಲ್ಲಿ ಹೊಸದಾಗಿ ಪೋಣಿಸಿದ್ದ.

ರೇಷ್ಮೆಯಲ್ಲಿ. ಏಳು ಎಳೆ.

ಜಗದೇವಿ ಬೋರಮಾಳವನ್ನು ಇಸಿದುಕೊಂಡು ಗೊಂಡೆಯನ್ನು ತಿರುಗಿಸಿದಳು. ಅದರ ತಲೆಯ ಮೇಲೆ ಒಂದು ಸಣ್ಣ ಮಣಿ ಹೊಳೆಯಿತು. ನೀಲಿ.

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಕರಿಮಣಿ ಮುಗಿಯಿತು ಎಂದಿದ್ದ. ಹಾಗಾದರೆ ಈ ಗೊಂಡೆ ಕಟ್ಟಿದ್ದು ನಿನ್ನೆ ಕತ್ತಲಾದ ಮೇಲೆ. ನದೀಮ್ ಐದು ಗಂಟೆಗೇ ಲಾಕಪ್ಪಿನಲ್ಲಿದ್ದ. ಈ ಮಣಿಯೊಂದೇ ಸಾಕು, ಅವನನ್ನು ಬಿಡಿಸಲು. ಆದರೆ ಅದನ್ನು ಬೆಳಗ್ಗೆ ಕೇಳಿಸಿಕೊಂಡವರು ಅವಳು ಮತ್ತು ನರಸಿಂಗ, ಇಬ್ಬರೇ. ಬಾಯಿಮಾತು. ಕೋರ್ಟಿಗೆ ಆ ನೀಲಿಮಣಿಯ ಡಬ್ಬಿ ಬೇಕು, ಖಾಲಿಯಾದ ಕರಿಮಣಿಯ ಡಬ್ಬಿ ಬೇಕು, ಅವೆರಡನ್ನೂ ಇಟ್ಟುಕೊಂಡ ಮನುಷ್ಯ ಬೇಕು.

ಫೋನಿಂದೇನೂ ತಿಳಿಯದು ಎಂದವನು ಎರಡು ಬೆರಳಿನಿಂದ ಪರದೆಯನ್ನು ಎಷ್ಟು ಸಲೀಸಾಗಿ ಹಿಗ್ಗಿಸಿದ್ದ! ಅದನ್ನು ಅವಳು ಕಣ್ಣಾರೆ ಕಂಡಿದ್ದಳು, ಕೆಲಸಗಾರನ ಬೆರಳು ಎಂದು ಮೆಚ್ಚಿಕೊಂಡಿದ್ದಳು. ಮನೆಯವರೇ ನಗ ಬದಲಿಸಿದ್ದಾರೆ ಎಂಬ ದಾರಿಗೆ ಅವಳನ್ನು ಹಚ್ಚಿದ್ದೂ ಅವನೇ. ಅವನು ಹೇಳಿದ್ದರಲ್ಲಿ ಬಹಳಷ್ಟು ನಿಜ. ಅದನ್ನೆಲ್ಲ ಅಷ್ಟು ಉತ್ಸಾಹದಿಂದ ಹೇಳುತ್ತಿರುವುದು ಯಾಕೆಂದು ಅವಳು ಕೇಳಿಕೊಂಡಿರಲಿಲ್ಲ. ಜಗದೇವಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಆದರೂ ಹೆದರಬೇಕಾಗಿಲ್ಲ. ಹಗೇವು ತೆರೆದದ್ದು ಏಕನಾಥನಿಗೆ ಗೊತ್ತಿಲ್ಲ. ಅವನ ಪಕ್ಕದಲ್ಲೇ ನರಸಿಂಗ ಕುಳಿತಿದ್ದಾನೆ. ಒಂದು ಫೋನು ಮಾಡಿದರೆ ಆಯಿತು.

ಅವಳು ತಲೆ ಎತ್ತಿದಳು. ಸಪ್ನಾ ಗೋಡೆಗೆ ಒರಗಿ ನಿಂತಿದ್ದಳು. ಒಂದು ಕೈ ಸೆರಗಿನ ಮರೆಯಲ್ಲಿತ್ತು. ಸೆರಗಿನ ಅಂಚಿನಿಂದ ಒಂದು ಪುಟ್ಟ ಕ್ಯಾಮೆರಾದ ಕಣ್ಣು ನೇರವಾಗಿ ಗೊಂಡೆಯನ್ನೇ ನೋಡುತ್ತಿತ್ತು.

“ಏನದು?”

“ಎರಡನೇ ಫೋನ್ರಿ ಮೇಡಂ.” ಸಪ್ನಾಳ ಕಣ್ಣಲ್ಲಿ ನೀರು ತುಂಬಿತ್ತು. “ಎಲ್ಲಾರೂ ನಾಟಕ ಅನ್ನಾಕತ್ತಿದ್ರು. ಖರೇ ಬಂಗಾರ ಸಿಕ್ಕಿದ್ದು ಮಂದಿ ಕಣ್ಣೀಲೆ ನೋಡ್ಲಿ ಅಂತ... ಕಲ್ಲು ಸರಿಸೂ ಮುಂದಿಂದ ಲೈವ್ ಅದೀನ್ರಿ.”

ಜಗದೇವಿ ಫೋನು ಕಸಿದು ಆರಿಸಿದಳು. ಆರುವ ಮೊದಲು ಮೂಲೆಯಲ್ಲಿದ್ದ ಅಂಕಿ ಕಣ್ಣಿಗೆ ಬಿತ್ತು. ಆರು ಸಾವಿರದ ಇನ್ನೂರು ಜನ ನೋಡುತ್ತಿದ್ದರು. ಅವಳಿಗೆ ಆ ಹುಡುಗಿಯ ಕಪಾಳಕ್ಕೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ನರಸಿಂಗನಿಗೆ ಫೋನು ಮಾಡಿದಳು.

ಮೊದಲ ರಿಂಗಿಗೇ ಎತ್ತಿದ. “ಮೇಡಂ! ನಾನೂ ನೋಡಾಕತ್ತಿದ್ದೆ, ಈಗಷ್ಟ ಕಟ್ ಆಯ್ತು. ಏನ್ರಿ ಇದು, ಅವೂ ಖೋಟಾನೇನು?”

“ನರಸಿಂಗ ಅವ್ರೆ, ಏಕನಾಥ ಎಲ್ಲಿದ್ದಾನ?”

“ಇಲ್ಲೇ ಅದಾನ್ರಿ. ನನ್ನ ಬಾಜೂಕ ಕುಂತು ಲೈವ್ ನೋಡಾಕತ್ತಿದ್ದ. ನೀವು ಗೊಂಡೆ ತಿರುವಿ ನೋಡಿದ್ರಲ್ಲ, ಆಗ ಎದ್ದ. ಚಹಾ ಹೇಳಿ ಬರ್ತೇನಿ ಅಂದ. ಒಳಗಿನ ಖೋಲ್ಯಾಗ ಹೋಗ್ಯಾನ. ಚಪ್ಪಲ್ ಇಲ್ಲೇ ಅದಾವ್ರಿ.”

“ಒಳಗ ಹೋಗಿ ನೋಡ್ರಿ. ಫೋನ್ ಇಡಬ್ಯಾಡ್ರಿ. ಓಡ್ರಿ.”

ಆ ಕಡೆ ಸ್ಟೂಲು ಬಿದ್ದ ಸದ್ದು, ಪರದೆ ಸರಿಸಿದ ಸದ್ದು. ಜಗದೇವಿ ಗಡಿಯಾರ ನೋಡಿದಳು. ಮೂರೂ ಇಪ್ಪತ್ತು. ಐದಕ್ಕೆ ನದೀಮನನ್ನು ನಿಲ್ಲಿಸಬೇಕು.

“ಮೇಡಂ,” ನರಸಿಂಗನ ದನಿ ಈಗ ಬೇರೆಯಾಗಿತ್ತು. “ಹಿಂದಿನ ಬಾಗಲಾ ತೆರದದ್ರಿ. ಯಾರೂ ಇಲ್ಲ.”

“ಅಂವಾ ಕೂಡೂ ಜಾಗಾದಾಗ ನೀಲಿಮಣಿ ಡಬ್ಬಿ ಇತ್ತಲ್ಲ, ಅದರೆ ಅದಾ?”

ನರಸಿಂಗ ಡಬ್ಬಿಗಳನ್ನು ತಡಕಾಡಿದ.

“ಇಲ್ರಿ. ಮುಂಜಾನಿ ಕಟ್ಟಾಕತ್ತಿದ್ದ ಆ ತಾಳೀನೂ ಇಲ್ಲ. ಕರಿಮಣಿ ಡಬ್ಬಿ ಒಂದಽ ಅದ, ಮೇಡಂ.” ಮುಚ್ಚಳ ತೆಗೆದ ಸದ್ದು ಕೇಳಿಸಿತು. “ಖಾಲಿ ಆಗೇದ ಅಂದಿದ್ನಲ್ಲ, ಬಾಯಿತನಾ ತುಂಬೇದ್ರಿ.”